‘ಆಯ್ತು’ ಅನ್ನಿಸುವ ಕೆಲಸ

ಠಾಣೆಗೆ ಬಂದವರನ್ನು ಬೈದು ಓಡಿಸುವ ಕಾಲವೊಂದಿತ್ತು. ಆಗ ಜನ ಸಿಟ್ಟನ್ನಾದರೂ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಈಗಿನ ಇನ್‌ಸ್ಪೆಕ್ಟರ್ ಬಂದ ಮೇಲೆ ಅದನ್ನೂ ಬಾಗಿಲಲ್ಲೇ ಇಳಿಸಿಕೊಳ್ಳುವ ಏರ್ಪಾಡಾಯಿತು. ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಡಲು ಬರುವವರಿಗಾಗಿ ಮೆಟ್ಟಿಲ ಕೆಳಗಿನ ಕೋಣೆಯನ್ನು ಖಾಲಿ ಮಾಡಿಸಿದರು. ಮೊದಲು ಅಲ್ಲಿ ವಾರಸುದಾರರಿಲ್ಲದ ಸೈಕಲ್ಲುಗಳನ್ನು ತುಂಬುತ್ತಿದ್ದರು. ಎಷ್ಟು ಬಣ್ಣ ಬಳಿದರೂ ಹಳೇ ಟೈರಿನ ವಾಸನೆ ಹೋಗಲಿಲ್ಲ. ಒಂದು ಮೇಜು, ಒಂದು ಫೋನು, ಕುಡಿಯಲು ನೀರು, ಮತ್ತೆ ದೂರು ಕೊಡುವವರಿಗೆಂದೇ ಒಂದು ಸೋಫಾ. ಯಾವುದೋ ಅಧಿಕಾರಿಯ ಮನೆಯಲ್ಲಿ ಬೇಡವಾದ ಸೋಫಾ ಅದು. ಸ್ಪ್ರಿಂಗು ಸತ್ತು ಹೋಗಿತ್ತು. ಕೂತವರು ಸೊಂಟದವರೆಗೆ ಒಳಗಿಳಿದು ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಹಾಗೆ ಕೂತುಕೊಂಡು ಯಾರ ಮೇಲೂ ಕೂಗಾಡಲು ಆಗುವುದಿಲ್ಲ. ಏಳಬೇಕೆಂದರೆ ಎದುರಿಗಿದ್ದ ಪೊಲೀಸನ ಕೈಯನ್ನೇ ಹಿಡಿಯಬೇಕು.

ಆ ಕೈ ಕೊಡುತ್ತಿದ್ದವನು ಬೆಣ್ಣೆ. ಕೆಲಸದಲ್ಲಿ ಹೆಡ್ ಕಾನ್‌ಸ್ಟೇಬಲ್. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಬಿಟ್ಟರೆ ಬೇರೆಲ್ಲೂ ಕೇಳಿಸುತ್ತಿರಲಿಲ್ಲ. ಅವನ ದನಿಯೇ ಹಾಗಿತ್ತು, ‘ಹಲೋ’ ಅಂದರೆ ಸಾಕು, ಬೈಯಲು ಫೋನ್ ಎತ್ತಿದವನು ಆರೋಗ್ಯ ವಿಚಾರಿಸಿಕೊಂಡು ಇಡುತ್ತಿದ್ದ. ವರ್ಷಗಟ್ಟಲೆ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ವಾಹನಗಳಿಗೆ ಕೈ ತೋರಿಸಿ, ಮೀನಖಂಡದ ನರಗಳು ಎರೆಹುಳದ ಹಾಗೆ ಉಬ್ಬಿದ ಮೇಲೆ ಅವನಿಗೆ ಈ ಕುರ್ಚಿ ಸಿಕ್ಕಿತ್ತು. ಅದನ್ನು ಬಿಡುವ ಮಾತೇ ಇರಲಿಲ್ಲ.

ಕುರ್ಚಿ ಸುಮ್ಮನೆ ಸಿಕ್ಕದ್ದಲ್ಲ, ತಲೆ ಓಡಿಸಿ ಗಳಿಸಿಕೊಂಡದ್ದು. ದೂರು ಮುಗಿಯಬೇಕಾದರೆ ಕೊಟ್ಟವರು ಫೋನಿನಲ್ಲಿ ‘ನನಗೆ ಸಮಾಧಾನವಾಗಿದೆ’ ಎಂದು ಹೇಳಬೇಕು, ಅದನ್ನು ಒಬ್ಬ ಮೇಲಧಿಕಾರಿ ಸ್ಪೀಕರಿನಲ್ಲಿ ಕೇಳಬೇಕು ಎಂದು ಇನ್‌ಸ್ಪೆಕ್ಟರ್ ಮೊದಲು ನಿಯಮ ಮಾಡಿದ್ದರು. ಹಾಗೆ ಹೇಳುವ ಪ್ರಾಣಿ ಭೂಮಿಯ ಮೇಲೆ ಎಲ್ಲಿದೆ? ದೂರುಗಳು ಗುಡ್ಡೆ ಬಿದ್ದವು. ಆಗ ಬೆಣ್ಣೆಯೇ ಹೋಗಿ, ಅಷ್ಟುದ್ದ ಯಾಕೆ ಸಾರ್, ‘ಆಯ್ತು’ ಅಂದರೆ ಸಾಲದೇ, ಒಪ್ಪಿದರೂ ಆಯ್ತು, ಮುಗಿದರೂ ಆಯ್ತು, ಅರ್ಥ ಎರಡೂ ಒಂದೇ ಅಲ್ಲವೇ ಎಂದ. ಇನ್‌ಸ್ಪೆಕ್ಟರ್ ಮೆಟ್ಟಿಲ ಕೆಳಗಿನ ಕೋಣೆಯ ಕೀಲಿಯನ್ನು ಅವನ ಕೈಗಿತ್ತರು.

ಅಲ್ಲಿಂದ ಅದು ಅವನ ಕಸುಬಾಯಿತು. ನಾವು ವಿಚಾರಿಸಿದ್ದೀವಿ, ಆಯ್ತಾ? ಅವರಿಗೂ ಬುದ್ಧಿ ಹೇಳಿದ್ದೀವಿ, ಆಯ್ತಾ? ಮುಂದೆ ಏನಿದ್ರೂ ನನಗೇ ಒಂದು ಫೋನ್ ಹಾಕಿ, ಆಯ್ತಾ? ಹೀಗೆ ಬೆಣ್ಣೆ ಸವರಿಕೊಂಡು ಹೋದರೆ ಆ ಕಡೆಯವರ ಬಾಯಿಂದ ‘ಆಯ್ತು’ ತಾನಾಗಿ ಜಾರುತ್ತಿತ್ತು. ಸೋತು ಅಂದದ್ದೂ ಲೆಕ್ಕಕ್ಕೆ ಬರುತ್ತಿತ್ತು, ಫೋನ್ ಇಟ್ಟರೆ ಸಾಕೆಂದು ಅಂದದ್ದೂ ಬರುತ್ತಿತ್ತು. ಒಬ್ಬ ಬಡಗಿ ರೇಗಿ, ‘ನಿಮ್ಮ ಯೋಗ್ಯತೆ ಏನು ಅಂತ ಗೊತ್ತಾಯ್ತು’ ಅಂದಿದ್ದ. ಅದರ ಬಾಲದಲ್ಲಿಯೂ ಒಂದು ‘ಆಯ್ತು’ ಇತ್ತು. ಅದನ್ನೂ ಹಿಡಿದು ಹಾಕಿದರು. ಠಾಣೆಯ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿದ್ದರು. ಬಂದ ದೂರು ಎಷ್ಟು, ಮುಗಿದ ದೂರು ಎಷ್ಟು ಎಂದು ಅದರಲ್ಲಿ ಬರೆದಿರುತ್ತಿತ್ತು. ತಿಂಗಳ ಕೊನೆಗೆ ಎರಡೂ ಸಮನಾಗಿರುತ್ತಿದ್ದವು. ಬೇರೆ ಠಾಣೆಯವರು ಬಂದು ಆ ಹಲಗೆಯ ಫೋಟೋ ತೆಗೆದುಕೊಂಡು ಹೋಗಿದ್ದರು.

ಬಡಗಿಯ ಕಥೆಯನ್ನು ಬೆಣ್ಣೆ ಅಕ್ಕನ ಮನೆಯಲ್ಲಿ ದನಿ ಬದಲಿಸಿ ಬದಲಿಸಿ ಹೇಳಿ ಎಲ್ಲರನ್ನೂ ನಗಿಸಿದ್ದ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಕ್ಕನೂ ನಕ್ಕಿದ್ದಳು. ಆಮೇಲೆ, ‘ಪಾಪ ಕಣೋ ಅವನು’ ಅಂದಿದ್ದಳು.

ಅಕ್ಕ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ತಾಯಿ ಹೋದಾಗ ಬೆಣ್ಣೆಗೆ ಇನ್ನೂ ಮಾತು ಬಂದಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಅವನು ಕೆಲಸಕ್ಕೆ ಸೇರಿದ ದಿನ ಖಾಕಿ ಅಂಗಿಯ ಗೆರೆ ಸರಿಯಾಗಿ ಕೂರಲೆಂದು ಮೂರು ಸಲ ಉಜ್ಜಿ, ಅವಸರದಲ್ಲಿ ಮುಂಗೈ ಸುಟ್ಟುಕೊಂಡಿದ್ದಳು. ಆ ಕಲೆ ಇನ್ನೂ ಇತ್ತು. ಠಾಣೆಯವರ ಬಟ್ಟೆಯ ಗಂಟೆಲ್ಲ ಅವಳ ಅಂಗಡಿಗೇ ಹೋಗುತ್ತಿತ್ತು. ಅಕ್ಕತಮ್ಮಂದಿರ ಫೋನು ಯಾವಾಗಲೂ ಒಂದೇ ರೀತಿ ಶುರುವಾಗುತ್ತಿತ್ತು. ಊಟ ಆಯ್ತಾ, ಆಯ್ತು, ನಿಂದು? ಅಲ್ಲಿಂದ ಮುಂದೆ ಹೇಳುವುದಿದ್ದರೆ ಹೇಳುವುದು, ಇಲ್ಲದಿದ್ದರೆ ಇಟ್ಟುಬಿಡುವುದು.

ಭಾವ ಬಸ್ ಕಂಡಕ್ಟರ್. ಒಂದು ಬೆಳಗ್ಗೆ ಅವರ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಗಂಟು ಹೊತ್ತ ಮುದುಕಿಯೊಬ್ಬಳು ಮೆಟ್ಟಿಲು ಇಳಿಯುತ್ತಿದ್ದಳು. ಹಿಂದೆ ಪೊಲೀಸ್ ಜೀಪು ಹಾರ್ನ್ ಮಾಡಿತು. ಭಾವ ಸೀಟಿ ಊದಲಿಲ್ಲ, ಮುದುಕಿಯ ಎರಡು ಕಾಲೂ ನೆಲಕ್ಕೆ ಮುಟ್ಟಲಿ ಎಂದು ಕಾದರು. ಜೀಪಿನಿಂದ ಇದೇ ಠಾಣೆಯ ಎಳೆಯ ಸಬ್ ಇನ್‌ಸ್ಪೆಕ್ಟರ್ ಒಬ್ಬ ಇಳಿದು ಬಂದು, ಬಸ್ಸು ಹತ್ತಿ, ಬಾಯಲ್ಲಿ ಒಂದು ಮಾತೂ ಆಡದೆ ಅವರ ಎಡಗಿವಿಯ ಮೇಲೆ ಬಾರಿಸಿದ. ಬಸ್ಸು ತುಂಬ ಜನ ಇದ್ದರು. ಕಿವಿಯಿಂದ ರಕ್ತ ಬಂತು. ಕಿವಿಯ ತಮಟೆ ಹರಿದಿದೆ, ಇನ್ನು ಆ ಕಿವಿಯ ಆಸೆ ಬಿಡಿ ಎಂದರು ಡಾಕ್ಟರು.

ಠಾಣೆಯ ವಿಚಾರಣೆ ಎರಡು ಸಾಲಿನಲ್ಲಿ ಮುಗಿಯಿತು. ನಿಂತಿದ್ದ ಬಸ್ಸಿನಲ್ಲಿ ಕಂಡಕ್ಟರು ಆಯತಪ್ಪಿ ಬಿದ್ದು ಕಂಬಿಗೆ ಕಿವಿ ಬಡಿಸಿಕೊಂಡಿರುತ್ತಾರೆ. ಯಾರೂ ಹೊಡೆದಿರುವುದಿಲ್ಲ. ಬಸ್ಸು ತುಂಬ ಇದ್ದ ಜನರೆಲ್ಲ ಆ ಗಳಿಗೆಯಲ್ಲಿ ಕಿಟಕಿಯ ಆಚೆ ನೋಡುತ್ತಿದ್ದರಂತೆ.

ಭಾವನಿಗೆ ಪೆಟ್ಟಿಗಿಂತ ಈ ಮಾತು ಹೆಚ್ಚು ನಾಟಿತು. ಕಂಡಕ್ಟರುಗಳಲ್ಲಿ ಕಂಬಿ ಹಿಡಿಯುವುದೇ ಮಾನಗೇಡು. ತಿರುವಿನಲ್ಲಿ, ಹಳ್ಳದಲ್ಲಿ, ಡ್ರೈವರು ಬ್ರೇಕ್ ತುಳಿದಾಗ, ಒಂದು ಕೈಯಲ್ಲಿ ಚೀಟಿ, ಒಂದು ಕೈಯಲ್ಲಿ ಚಿಲ್ಲರೆ ಹಿಡಿದು ಬರೀ ಕಾಲಿನ ಮೇಲೆ ನಿಲ್ಲುತ್ತಿದ್ದ ಮನುಷ್ಯ ಅವರು. ಈಗ ಡಿಪೋದಲ್ಲಿ ಹುಡುಗರು, ಅಣ್ಣಾ, ಬಸ್ಸು ನಿಂತಿದೆ, ಹುಷಾರಾಗಿ ಹಿಡ್ಕೋ ಎಂದು ಚುಡಾಯಿಸುತ್ತಿದ್ದರು. ಎಡಗಡೆಯಿಂದ ಅಂದದ್ದು ಕೇಳಿಸುತ್ತಿರಲಿಲ್ಲ. ಬಲಗಡೆಯಿಂದ ಅಂದದ್ದು ಕೇಳಿಸುತ್ತಿತ್ತು.

ಅಕ್ಕ ದೂರು ಕೊಡುತ್ತೇನೆ ಅಂದಾಗ ಬೆಣ್ಣೆ ಮನೆಗೇ ಓಡಿದ. ತಾನು ಒಳಗಿನಿಂದ ಮಾತಾಡುತ್ತೇನೆ, ಆ ಹುಡುಗ ಮನೆಗೆ ಬಂದು ಕ್ಷಮೆ ಕೇಳುವ ಹಾಗೆ ಮಾಡುತ್ತೇನೆ, ಸುಮ್ಮನೆ ಬೀದಿರಂಪ ಬೇಡ ಎಂದ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

‘ನೀನು ತಮ್ಮನಾಗಿ ಹೇಳ್ತಿದೀಯೋ, ಮೇಜಿನ ಹಿಂದೆ ಕೂತು ಹೇಳ್ತಿದೀಯೋ? ಅದನ್ನ ಮೊದಲು ಹೇಳು.’

ಮಾರನೆಯ ದಿನ ಅಕ್ಕ ಠಾಣೆಗೆ ಬಂದಳು. ಸೋಫಾದಲ್ಲಿ ಕೂರಲಿಲ್ಲ, ನೀರು ಕುಡಿಯಲಿಲ್ಲ. ನಿಂತೇ ಹೇಳಿದಳು.

‘ನಮಗೆ ಯಾರ ಕ್ಷಮೆನೂ ಬೇಡ. ಅವನ ಕೆಲಸ ಹೋಗ್ಲಿ ಅಂತಾನೂ ಇಲ್ಲ. ಹೊಡೆದೆ ಅಂತ ಹೇಳ್ಲಿ. ಓಡೋ ಬಸ್ಸಲ್ಲಿ ಬೀಳದೋರು ನಿಂತಿರೋ ಬಸ್ಸಲ್ಲಿ ಬಿದ್ರು ಅಂತ ಬರೆದಿದೀರಲ್ಲ, ಅದನ್ನ ಹೊಡೆದು ಹಾಕಿ. ಅಷ್ಟೇ.’

ಅಷ್ಟೇ ಅಂದದ್ದು ಅಷ್ಟು ಸಣ್ಣದಾಗಿರಲಿಲ್ಲ. ಆ ಎರಡು ಸಾಲಿಗೆ ಇನ್‌ಸ್ಪೆಕ್ಟರ್ ಆಗಲೇ ಸಹಿ ಹಾಕಿದ್ದರು. ಅದನ್ನು ಹೊಡೆದು ಹಾಕಿದರೆ ಬಿದ್ದದ್ದು ಕಂಡಕ್ಟರಲ್ಲ, ಇಡೀ ಠಾಣೆ ಎಂದಾಗುತ್ತಿತ್ತು.

ಫೋನುಗಳು ಶುರುವಾದವು. ಒಂದು ಸಲ ಇನ್‌ಸ್ಪೆಕ್ಟರ್ ಎದುರಿಗೆ, ಇನ್ನೊಂದು ಸಲ ಬೇರೆ ಅಧಿಕಾರಿಯ ಎದುರಿಗೆ, ಸ್ಪೀಕರ್ ಹಾಕಿಕೊಂಡು ಬೆಣ್ಣೆ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಆ ವಿದ್ಯೆಯನ್ನು ಅಕ್ಕ ತನ್ನ ನಡುಮನೆಯಲ್ಲೇ ಕೂತು ಕೇಳಿದ್ದಳಲ್ಲ. ಆಯ್ತಾ ಅಂದರೆ ಇಲ್ಲ ಅನ್ನುತ್ತಿದ್ದಳು. ಗೊತ್ತಾಯ್ತಾ ಅಂದರೆ ಗೊತ್ತಿಲ್ಲ ಅನ್ನುತ್ತಿದ್ದಳು. ಈ ಫೋನುಗಳಲ್ಲಿ ಅವನು ಅಕ್ಕ ಎಂದು ಕರೆಯುತ್ತಿರಲಿಲ್ಲ, ಮೇಡಂ ಅನ್ನುತ್ತಿದ್ದ. ನಾನು ಹೇಳಿದ್ದು ಕೇಳಿಸ್ತಾ ಮೇಡಂ ಎಂದು ಒಂದು ಸಲ ಕೇಳಿದಾಗ ಅವಳು, ‘ಕೇಳಿಸ್ತು. ನನ್ನ ಎರಡೂ ಕಿವಿ ನೆಟ್ಟಗಿವೆ’ ಅಂದಳು. ಬಾಗಿಲ ಹೊರಗೆ ನಿಂತ ಕಾನ್‌ಸ್ಟೇಬಲ್‌ಗಳು ಬಾಯಿಗೆ ಟೋಪಿ ಅಡ್ಡ ಹಿಡಿದುಕೊಂಡರು. ಬೆಣ್ಣೆ ಕರಗ್ತಾ ಇದೆ ಕಣ್ರೋ ಎಂದು ಒಬ್ಬ ಪಿಸುಗುಟ್ಟಿದ್ದು ಒಳಗೆಲ್ಲ ಕೇಳಿಸಿತು.

ಠಾಣೆಯಿಂದ ಬಟ್ಟೆಯ ಗಂಟು ಮಾತ್ರ ಎಂದಿನಂತೆ ಹೋಗುತ್ತಿತ್ತು. ಅಕ್ಕ ಎಲ್ಲರದ್ದೂ ಉಜ್ಜಿ, ಆ ಸಬ್ ಇನ್‌ಸ್ಪೆಕ್ಟರನ ಅಂಗಿಯೊಂದನ್ನು ಮಾತ್ರ ಮುದುಡಿದ ಹಾಗೇ ಗಂಟಿನ ಮೇಲಿಟ್ಟು ಕಳಿಸುತ್ತಿದ್ದಳು. ಅವನು ಅದನ್ನೇ ಹಾಕಿಕೊಂಡು ಹಾಜರಿಗೆ ನಿಂತು ಬೈಸಿಕೊಂಡ. ಬೆಣ್ಣೆಗೆ ಒಳಗೊಳಗೇ ಖುಷಿಯಾಯಿತು. ಅಕ್ಕ ಯಾವತ್ತೂ ಹೀಗೇ, ಹಿಡಿದರೆ ಬಿಡುವವಳಲ್ಲ ಎಂದು ಹೆಮ್ಮೆಯೂ ಆಯಿತು. ಆದರೆ ಹೆಮ್ಮೆಯಿಂದ ಹಲಗೆ ತುಂಬುವುದಿಲ್ಲ. ಅವಳ ದೂರೊಂದೇ ಹಲಗೆಯ ಮೇಲೆ ಹಲ್ಲಿಗೆ ಸಿಕ್ಕ ನಾರಿನಂತೆ ಉಳಿದುಕೊಂಡಿತ್ತು.

ತಿಂಗಳ ಕೊನೆಗೆ ಮೇಲಿನ ಕಚೇರಿಯವರು ಠಾಣೆ ನೋಡಲು ಬರುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ಇನ್‌ಸ್ಪೆಕ್ಟರ್ ಕೆಳಗಿಳಿದು ಬಂದು, ಸೋಫಾದ ತೋಳಿನ ಮೇಲೆ ಕೂತರು. ಒಳಗೆ ಕೂರುವಷ್ಟು ದಡ್ಡರಲ್ಲ ಅವರು. ಬೆಣ್ಣೆಯ ಬುತ್ತಿ ಇನ್ನೂ ಬಿಚ್ಚದೆ ಮೇಜಿನ ಮೂಲೆಯಲ್ಲಿತ್ತು. ನಿಮ್ಮ ಮನೆಯವರೇ ನಮ್ಮ ಹಲಗೆ ಕೆಡಿಸಿದರೆ ಹೊರಗಿನವರಿಗೆ ಏನು ಹೇಳುವುದು ಎಂದು ನಗುತ್ತಾ ಕೇಳಿದರು. ಆಮೇಲೆ ನಗುವನ್ನು ಹಾಗೇ ಇಟ್ಟುಕೊಂಡು, ‘ನಿಮ್ಮ ಕಾಲು ಈಗ ಹೇಗಿದೆ?’ ಅಂದರು.

ಬೆಣ್ಣೆ ಮೇಜಿನ ಕೆಳಗೆ ಕಾಲನ್ನು ಹಿಂದಕ್ಕೆಳೆದುಕೊಂಡ. ಪರವಾಗಿಲ್ಲ ಸಾರ್ ಎಂದ.

‘ಪರವಾಗಿಲ್ಲ ಅಂದ್ರೆ ಮತ್ತೆ ನಿಲ್ಲಬಹುದು. ಫೋನ್ ಮಾಡಿ.’

ಅವನು ಫೋನ್ ಹಚ್ಚಿದ. ಇನ್‌ಸ್ಪೆಕ್ಟರ್ ತಾವೇ ಕೈ ಚಾಚಿ ಸ್ಪೀಕರ್ ಒತ್ತಿದರು. ಆ ಕಡೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿದ ಸದ್ದು ಬಂತು, ಆಮೇಲೆ ಅಕ್ಕನ ‘ಏನೋ’ ಬಂತು. ಆ ‘ಏನೋ’ದಲ್ಲಿ ಸಿಟ್ಟಿರಲಿಲ್ಲ. ಬರೀ ಸುಸ್ತು. ಅವಳು ಸರಿಯಾಗಿ ತಿನ್ನುತ್ತಿಲ್ಲ, ತಟ್ಟೆ ಮುಂದಿಟ್ಟುಕೊಂಡು ಕೂತುಬಿಡುತ್ತಾಳೆ ಎಂದು ಭಾವ ಮೊನ್ನೆ ದಾರಿಯಲ್ಲಿ ಸಿಕ್ಕಾಗ ಹೇಳಿದ್ದರು. ಬೆಣ್ಣೆ ಮೇಡಂ ಅನ್ನಲು ಬಾಯಿ ತೆರೆದ. ಬಂದದ್ದೇ ಬೇರೆ.

‘ಅಕ್ಕ, ಊಟ ಆಯ್ತಾ?’

ಎಷ್ಟೋ ದಿನದ ಮೇಲೆ ಆ ಫೋನಿನಲ್ಲಿ ಅವಳು ಅಕ್ಕ ಅನ್ನಿಸಿಕೊಂಡಿದ್ದಳು.

‘ಆಯ್ತು ಕಣೋ. ನಿಂ...’

ಇನ್‌ಸ್ಪೆಕ್ಟರರ ಬೆರಳು ಬಂದು ಫೋನನ್ನು ಕತ್ತರಿಸಿತು.

‘ಬಂತಲ್ಲ’ ಅಂದರು ಅವರು. ‘ಬರ್ಕೊಳ್ಳಿ.’

ಬೆಣ್ಣೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಾರ್, ಅದು ಊಟಕ್ಕೆ ಹೇಳಿದ್ದು ಎಂದ. ಇನ್‌ಸ್ಪೆಕ್ಟರ್ ಎದ್ದು ಪ್ಯಾಂಟಿನ ಧೂಳು ತಟ್ಟಿಕೊಂಡರು. ಯಾವುದಕ್ಕೆ ಹೇಳಬೇಕು ಅಂತ ನಿಯಮದಲ್ಲಿ ಇದೆಯೇ ಎಂದು ಕೇಳಿದರು. ಆ ಬಡಗಿ ಹೇಳಿದ್ದು ಯಾವುದಕ್ಕೆ ಎಂದು ಕೇಳಿದರು. ಒಪ್ಪಿದರೂ ಆಯ್ತು, ಮುಗಿದರೂ ಆಯ್ತು ಅಂದವನು ಯಾರು ಎಂದೂ ಕೇಳಿದರು. ಒಂದು ಮಾತನ್ನೂ ಜೋರಾಗಿ ಹೇಳಲಿಲ್ಲ. ಬಾಗಿಲಲ್ಲಿ ನಿಂತು, ‘ನಿಮ್ಮ ತಲೆಯೇ ತಲೆ. ಇದು ನನಗೆ ಹೊಳೆದೇ ಇರಲಿಲ್ಲ’ ಎಂದು ಹೊಗಳಿ ಮೆಟ್ಟಿಲು ಹತ್ತಿ ಹೋದರು.

ಬೆಣ್ಣೆ ಪೆನ್ನು ಹಿಡಿದು ಕೂತ. ಆ ಪ್ರಶ್ನೆ ತನ್ನ ಬಾಯಿಗೆ ಬಂದದ್ದು ಪ್ರೀತಿಯಿಂದಲೋ ಕಸುಬಿನಿಂದಲೋ ಎಂದು ತನ್ನನ್ನೇ ಕೇಳಿಕೊಂಡ. ಇಷ್ಟು ವರ್ಷ ಎರಡನ್ನೂ ಒಂದೇ ನಾಲಿಗೆಯಲ್ಲಿ ಇಟ್ಟುಕೊಂಡವನಿಗೆ ಯಾವುದು ಯಾವುದೆಂದು ಹೇಗೆ ತಿಳಿಯಬೇಕು? ಒಂದು ಮಾತು ಮಾತ್ರ ಖಂಡಿತ. ಬರೆಯದೆ ಇರಬಹುದಿತ್ತು. ಪೆನ್ನು ಕೆಳಗಿಟ್ಟು, ನಾಳೆ ನಾಲ್ಕು ರಸ್ತೆಯಲ್ಲಿ ನಿಲ್ಲುತ್ತೇನೆ ಸಾರ್ ಎಂದು ಮೆಟ್ಟಿಲು ಹತ್ತಿ ಹೇಳಬಹುದಿತ್ತು. ಮೆಟ್ಟಿಲು ಅವನ ತಲೆಯ ಮೇಲೇ ಇತ್ತು. ಅವನು ಬರೆದ. ‘ದೂರುದಾರರು ದೂರವಾಣಿಯಲ್ಲಿ ಆಯ್ತು ಎಂದು ತಿಳಿಸಿರುತ್ತಾರೆ.’

ಬರೆದ ಮಸಿ ಆರುವ ಮೊದಲೇ ಅವನ ಜೇಬಿನ ಮೊಬೈಲು ಹೊಡೆದುಕೊಂಡಿತು. ಅಕ್ಕ.

‘ಕಟ್ಟಾಗೋಯ್ತಲ್ಲೋ. ಏನೂ ಇಲ್ಲ, ನಿಂದು ಊಟ ಆಯ್ತಾ ಅಂತ ಕೇಳ್ತಿದ್ದೆ.’

ಬಿಚ್ಚದ ಬುತ್ತಿ ಎದುರಿಗೇ ಇತ್ತು. ‘ಆಯ್ತಕ್ಕ’ ಎಂದ ಬೆಣ್ಣೆ. ಆಮೇಲೆ ಅವಳೇ ಮೆತ್ತಗೆ ನಾಲ್ಕು ಮಾತಾಡಿದಳು. ನಿನ್ನ ಮೇಲೆ ಸಿಟ್ಟಿಲ್ಲ, ನಿನ್ನ ಕಷ್ಟ ನನಗೂ ಗೊತ್ತು, ಆದರೆ ಭಾವನ ಮುಖ ನೋಡಲಾಗುತ್ತಿಲ್ಲ, ಅದಕ್ಕೇ ಹಟ ಹಿಡಿದಿದ್ದೇನೆ ಎಂದಳು. ಅವನು ಹೂಂಗುಟ್ಟಿದ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿರಲಿಲ್ಲ. ಹೇಳಲಿಲ್ಲ.

ಎರಡು ದಿನದ ಮೇಲೆ ಅವಳ ಮೊಬೈಲಿಗೆ ಠಾಣೆಯಿಂದ ಸಂದೇಶ ಹೋಯಿತು. ನಿಮ್ಮ ದೂರನ್ನು ನಿಮ್ಮ ಒಪ್ಪಿಗೆಯ ಮೇರೆಗೆ ಮುಕ್ತಾಯಗೊಳಿಸಲಾಗಿದೆ, ಸಹಕಾರಕ್ಕೆ ಧನ್ಯವಾದ. ಅವಳು ಅಂಗಡಿಯ ಬಾಗಿಲನ್ನೂ ಎಳೆಯದೆ ನೇರ ಠಾಣೆಗೆ ಬಂದಳು. ಇನ್‌ಸ್ಪೆಕ್ಟರ್ ಅವಳನ್ನು ಮೆಟ್ಟಿಲ ಕೆಳಗಿನ ಕೋಣೆಗೇ ಕರೆತಂದು, ಬಹಳ ಗೌರವದಿಂದ ಮಾತಾಡಿದರು. ಒಪ್ಪಿಗೆ ಇಲ್ಲದೆ ನಾವು ಯಾವ ದೂರನ್ನೂ ಮುಗಿಸುವುದಿಲ್ಲ, ನೀವು ಆಯ್ತು ಅಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ, ಬೇಕಾದರೆ ನಿಮ್ಮ ತಮ್ಮನನ್ನೇ ಕೇಳಿ ಎಂದರು.

ಅಕ್ಕ ತಮ್ಮನ ಕಡೆ ತಿರುಗಿದಳು.

‘ಯಾವಾಗಂದೆ?’

ಬೆಣ್ಣೆ ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಿದ್ದ. ಅಕ್ಕ ಅವನ ಬಗ್ಗಿದ ತಲೆಯನ್ನು ನೋಡುತ್ತಾ ನಿಂತಳು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಗಾಜು ಒಡೆದು ಬಂದಾಗಲೂ ಅವನು ಹೀಗೇ ನಿಲ್ಲುತ್ತಿದ್ದ. ಆಗೆಲ್ಲ ಅವಳೇ ಅಡ್ಡ ನಿಂತು ಅವನ ಪಾಲಿನ ಏಟು ತಿನ್ನುತ್ತಿದ್ದಳು. ಈಗ ಅವಳ ಮುಖದಲ್ಲಿ ಒಂದೊಂದಾಗಿ ಎಲ್ಲವೂ ಕೂಡಿಬಂತು.

‘ಊಟಕ್ಕಾ?’

ಅಷ್ಟೇ ಕೇಳಿದಳು. ಕಾಯಲೂ ಇಲ್ಲ. ಹೊರಗೆ ಹೋಗುವಾಗ ಹಲಗೆಯ ಮುಂದೆ ಒಂದು ಗಳಿಗೆ ನಿಂತು, ಎರಡೂ ಅಂಕಿಗಳನ್ನು ಓದಿ ನಡೆದಳು. ಆ ಸಲದ ಬಟ್ಟೆಯ ಗಂಟು ಇಡಿಯಾಗಿ ಮುದುಡಿಕೊಂಡೇ ವಾಪಸು ಬಂತು. ಅವಳು ಗಂಟನ್ನು ಬಿಚ್ಚಿಯೂ ಇರಲಿಲ್ಲ. ಬೆಣ್ಣೆಯ ಅಂಗಿಯೂ ಅದರಲ್ಲೇ ಇತ್ತು.

ಮೇಲಿನ ಕಚೇರಿಯವರು ಹಲಗೆ ನೋಡಿ ಮೆಚ್ಚಿಕೊಂಡು ಹೋಗಿದ್ದರು. ಬೆಣ್ಣೆಗೆ ಹೊಸ ಕುರ್ಚಿ ಬಂತು, ಕಾಲು ಚಾಚಿಕೊಳ್ಳಲು ಕೆಳಗೆ ಒಂದು ಮಣೆಯೂ ಬಂತು. ಎಳೆಯ ಸಬ್ ಇನ್‌ಸ್ಪೆಕ್ಟರ್ ಎದುರಾದಾಗಲೆಲ್ಲ, ಊಟ ಆಯ್ತಾ ಬೆಣ್ಣೆ ಎಂದು ಕಣ್ಣು ಹೊಡೆಯುತ್ತಿದ್ದ. ಠಾಣೆಯಲ್ಲಿ ಅದೇ ಹೊಸ ನಮಸ್ಕಾರವಾಯಿತು.

ಒಂದು ಸಂಜೆ ಬೆಣ್ಣೆ ಅಕ್ಕನ ಮನೆಗೆ ಹೋದ. ಹೋಗುವ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದ. ಅಕ್ಕ ಒಳಗೆ ಇಸ್ತ್ರಿ ಮೇಜಿನ ಮುಂದೆ ಯಾರದೋ ಮಗುವಿನ ಶಾಲೆಯ ಅಂಗಿ ಉಜ್ಜುತ್ತಿದ್ದಳು. ಅವನು ಬಂದದ್ದನ್ನು ನೋಡಿದಳು. ಪೆಟ್ಟಿಗೆ ನಿಲ್ಲಲಿಲ್ಲ. ಭಾವ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಅವರನ್ನು ಈಗ ಬಸ್ಸಿನಿಂದ ಇಳಿಸಿ, ಡಿಪೋದ ಗೇಟು ಕಾಯಲು ಹಾಕಿದ್ದರು. ಬೆಂಚಿನಿಂದ ಏಳುವಾಗ ಕೂರುವಾಗ ಗೋಡೆ ಹಿಡಿಯುವ ಅಭ್ಯಾಸ ಅವರಿಗೆ ಹೊಸದಾಗಿ ಬಂದಿತ್ತು.

ಬೆಣ್ಣೆ ಅವರ ಎಡಗಡೆ ಹೋಗಿ ಕೂತ. ಬಲಗಡೆಯೂ ಜಾಗವಿತ್ತು.

‘ತಪ್ಪಾಯ್ತು, ಭಾವ’ ಎಂದ.

ಭಾವ ರಸ್ತೆ ನೋಡುತ್ತಲೇ ಇದ್ದರು. ಬೆಂಚು ಅಲುಗಿದ್ದು ತಿಳಿದು ಆಮೇಲೆ ತಿರುಗಿದರು, ಒಳ್ಳೆಯ ಕಿವಿಯನ್ನು ಮುಂದೆ ತಂದು, ‘ಏನಂದೆ?’ ಎಂದರು.

ಒಂದು ಸಲ ಹೇಳಿದ್ದೇ ಹೆಚ್ಚಾಗಿತ್ತು ಅವನಿಗೆ. ನಾಲಿಗೆ ತನಗೆ ರೂಢಿಯಿದ್ದ ಕಡೆಗೇ ಹೊರಳಿತು.

‘ಏನಿಲ್ಲ ಭಾವ. ಊಟ ಆಯ್ತಾ ಅಂದೆ.’

ಭಾವನ ಬಾಯಿ ಉತ್ತರಕ್ಕೆ ತೆರೆದುಕೊಂಡಿತು. ಒಳಗೆ ಇಸ್ತ್ರಿ ಪೆಟ್ಟಿಗೆ ನಿಂತಿತು.

‘ಉತ್ತರ ಕೊಡ್ಬೇಡಿ’ ಅಂದಳು ಅಕ್ಕ. ‘ಬರ್ಕೊಂಡು ಹೋಗ್ತಾನೆ.’